ಇಸ್ಪೀಟಿನ ಲೆಕ್ಕ: ಪೋಕರ್ ಆಟದ ಮೊದಲ ಪಾಠಗಳು

(ಸಂಘದ ಮಹಿಳಾ ವಿಭಾಗದ ದೀಪಾವಳಿ ಸ್ನೇಹಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಾಗ ಕೆಲವರು ಹುಬ್ಬೇರಿಸಿದರಂತೆ. ಹೋದ ಸಲ ಮಂಡಿನೋವಿನ ಬಗ್ಗೆ ಡಾಕ್ಟರ್ ಮಾತಾಡಿದರು, ಅದಕ್ಕೂ ಹಿಂದೆ ಉಯಿಲು ಬರೆಯುವುದು ಹೇಗೆ ಅಂತ ವಕೀಲರು ತಿಳಿಸಿದರು, ಈ ಸಲ ನೋಡಿದರೆ ಜೂಜಾಟವೇ ಎಂದು ಒಬ್ಬ ಹಿರಿಯರು ಕೇಳಿದರಂತೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳಿಯೇ ಮುಂದೆ ಹೋಗುತ್ತೇನೆ.

ಪೋಕರ್ ನಮ್ಮ ಮನೆಗಳ ಒಳಗೆ ಆಗಲೇ ಬಂದು ಕೂತಿದೆ. ನಾವು ಕರೆದಿಲ್ಲ ಅಷ್ಟೆ. ಮಕ್ಕಳ ಫೋನಿನಲ್ಲಿ ಬಂದಿದೆ, ಆಫೀಸಿನ ಪಾರ್ಟಿಗಳಲ್ಲಿ ಬಂದಿದೆ, ಗೋವಾಕ್ಕೆ ಹೋದವರು ಮಾಂಡೋವಿ ನದಿಯ ಮೇಲಿನ ಕ್ಯಾಸಿನೋ ಹಡಗುಗಳನ್ನು ನೋಡಿಯೇ ಇರುತ್ತಾರೆ. ಮನೆಗೆ ಬಂದವರು ಯಾರು ಎಂದು ತಿಳಿಯದಿದ್ದರೆ ನಾವು ಸುಮ್ಮನೆ ಹೆದರುತ್ತೇವೆ, ಇಲ್ಲವೇ ಸುಮ್ಮನೆ ನಂಬುತ್ತೇವೆ. ಎರಡೂ ಬೇಡ. ಆಟ ಹೇಗೆ ನಡೆಯುತ್ತದೆ, ಅದರೊಳಗಿನ ಲೆಕ್ಕ ಏನು ಎಂದು ತಿಳಿದುಕೊಂಡರೆ ಅದರೊಂದಿಗೆ ಮಾತಾಡುವ ಧೈರ್ಯ ಬರುತ್ತದೆ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಲೆಕ್ಕ ಗೊತ್ತಿರುವ ಹೆಂಗಸಿನ ಹತ್ತಿರ ಯಾರೂ ಸುಲಭಕ್ಕೆ ಆಟವಾಡುವುದಿಲ್ಲ ಎನ್ನುವುದು ನನ್ನ ಅನುಭವ.

ಒಂದು ಷರತ್ತು. ಇವತ್ತು ಈ ಸಭಾಂಗಣದಲ್ಲಿ ದುಡ್ಡಿನ ಮಾತಿಲ್ಲ. ಪ್ರತಿ ಮೇಜಿನ ಮೇಲೂ ಒಂದು ಕಟ್ಟು ಇಸ್ಪೀಟು, ಒಂದು ಬಟ್ಟಲು ಹುಣಸೆಬೀಜ ಇಟ್ಟಿದ್ದೇವೆ. ಚೌಕಾಬಾರಕ್ಕೆ, ಅಳಗುಳಿಮಣೆಗೆ ಬೀಜ ಎಣಿಸಿದ ಕೈಗಳಿವು, ಪೋಕರಿಗೂ ಸಾಕು.

ಮೊದಲು ಎಲೆಗಳ ಪರಿಚಯ. ಕಟ್ಟಿನಲ್ಲಿ 52 ಎಲೆ, ನಾಲ್ಕು ಬಣ್ಣ, ಒಂದೊಂದು ಬಣ್ಣಕ್ಕೆ 13. ನಮ್ಮ ಕಡೆ ಇಸ್ಪೀಟು, ಆಟೀನು, ಡೈಮನ್, ಕಳಾವರ್ ಎನ್ನುತ್ತೇವೆ. ನೆರೆಯ ಮರಾಠಿಯವರು ಇಸ್ಪಿಕ್, ಬದಾಮ್, ಚೌಕಟ್, ಕಿಲ್ವರ್ ಎನ್ನುತ್ತಾರೆ. ಎಕ್ಕ ಎಲ್ಲಕ್ಕಿಂತ ದೊಡ್ಡದು, ಆಮೇಲೆ ರಾಜ, ರಾಣಿ, ಗುಲಾಮ, ಹತ್ತು, ಒಂಬತ್ತು, ಹೀಗೆ ಎರಡರವರೆಗೆ. ಪೋಕರಿನಲ್ಲಿ ಯಾವ ಬಣ್ಣವೂ ಮೇಲಲ್ಲ, ಕೆಳಗಲ್ಲ. ತುರುಫು ಇಲ್ಲ.

ಎಲೆಯಾಟ ಎಂದರೆ ಮೂಗು ಮುರಿಯಬೇಕಾದ್ದೇನೂ ಇಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಹೊಸ ಆಟಗಳನ್ನೇ ರೂಪಿಸಿ ಶ್ರೀತತ್ತ್ವನಿಧಿಯಲ್ಲಿ ಅವುಗಳ ವಿವರ ಬರೆಸಿದವರು. ಗೋವಾದ ದಾರಿಯಲ್ಲಿ ಸಿಗುವ ಸಾವಂತವಾಡಿಯಲ್ಲಿ ಇಂದಿಗೂ ಕೈಯಲ್ಲಿ ಬರೆದ ಗಂಜೀಫಾ ಎಲೆಗಳು ಸಿಗುತ್ತವೆ. ಎಲೆಯಲ್ಲಿ ದೋಷವಿಲ್ಲ. ದೋಷ ಬರುವುದು ಎಲೆಯ ಪಕ್ಕದಲ್ಲಿ ಏನು ಇಟ್ಟಿದ್ದೇವೆ ಎಂಬುದರಿಂದ.

ಪೋಕರ್ ನಮ್ಮ ಆಟವಲ್ಲ, ಅಮೆರಿಕದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಊರಿನಲ್ಲಿ, ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ಬೆಳೆಯಿತು. ಆಗ ಇಪ್ಪತ್ತೇ ಎಲೆಗಳಲ್ಲಿ ಆಡುತ್ತಿದ್ದರು, ಆಮೇಲೆ ಇಡೀ ಕಟ್ಟು ಬಳಕೆಗೆ ಬಂತು. ಇದರಲ್ಲಿ ಹಲವು ಬಗೆಗಳಿವೆ. ಈಗ ಜಗತ್ತಿನಲ್ಲಿ ಹೆಚ್ಚು ಆಡುವುದು ಟೆಕ್ಸಸ್ ಹೋಲ್ಡೆಮ್. ಲಾಸ್ ವೇಗಾಸ್‌ನಲ್ಲಿ 1970ರಿಂದ ನಡೆಯುತ್ತಿರುವ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಪಂದ್ಯಾವಳಿಯ ಮುಖ್ಯ ಸ್ಪರ್ಧೆಯೂ ಇದರದ್ದೇ. ನಾವು ಇವತ್ತು ಕಲಿಯುವುದೂ ಅದನ್ನೇ.

ಆಟ ನಡೆಯುವ ಕ್ರಮ ಹೀಗೆ. ಒಂದು ಮೇಜಿಗೆ ಆರು ಜನ ಕೂತಿದ್ದೀರಿ ಎಂದುಕೊಳ್ಳಿ. ಎಲೆ ಹಂಚುವವರು ಡೀಲರ್. ಆ ಸರದಿ ಪ್ರತಿ ಆಟಕ್ಕೂ ಎಡಗಡೆಯವರಿಗೆ ಹೋಗುತ್ತದೆ. ಡೀಲರಿನ ಎಡಕ್ಕೆ ಕೂತ ಮೊದಲನೆಯವರು ಒಂದು ಬೀಜ, ಎರಡನೆಯವರು ಎರಡು ಬೀಜ ಎಲೆ ನೋಡುವ ಮೊದಲೇ ನಡುವೆ ಇಡಬೇಕು. ಇದಕ್ಕೆ ಬ್ಲೈಂಡ್ ಎನ್ನುತ್ತಾರೆ. ನಡುವೆ ಏನೂ ಇಲ್ಲದಿದ್ದರೆ ಯಾರಿಗೂ ಆಡುವ ಗರಜು ಇರುವುದಿಲ್ಲವಲ್ಲ, ಅದಕ್ಕೆ.

ಆಮೇಲೆ ಪ್ರತಿಯೊಬ್ಬರಿಗೂ ಎರಡೆರಡು ಎಲೆ, ಮುಚ್ಚಿ. ನಿಮ್ಮದನ್ನು ನೀವು ಮಾತ್ರ ನೋಡಬೇಕು. ಈಗ ಸರದಿಯ ಪ್ರಕಾರ ಪ್ರತಿಯೊಬ್ಬರೂ ಮೂರರಲ್ಲಿ ಒಂದು ಮಾಡಬಹುದು. ಎಲೆ ಬೇಡವೆಂದು ಕೆಳಗಿಟ್ಟು ಆ ಆಟದಿಂದ ಹೊರಗುಳಿಯಬಹುದು, ಇದು ಫೋಲ್ಡ್. ಬೇರೆಯವರು ಇಟ್ಟಷ್ಟೇ ಬೀಜ ಇಟ್ಟು ಮುಂದುವರಿಯಬಹುದು, ಇದು ಕಾಲ್. ಅದಕ್ಕಿಂತ ಹೆಚ್ಚು ಇಟ್ಟು ಉಳಿದವರಿಗೂ ಬೆಲೆ ಏರಿಸಬಹುದು, ಇದು ರೇಸ್.

ಈ ಸುತ್ತು ಮುಗಿದ ಮೇಲೆ ಮೇಜಿನ ನಡುವೆ ಮೂರು ಎಲೆ ತೆರೆದಿಡುತ್ತಾರೆ. ಇದು ಫ್ಲಾಪ್. ಈ ಎಲೆಗಳು ಎಲ್ಲರಿಗೂ ಸೇರಿದ್ದು, ಊರ ಬಾವಿಯ ಹಾಗೆ. ಮತ್ತೆ ಒಂದು ಸುತ್ತು. ಈ ಸುತ್ತಿನಲ್ಲಿ ಯಾರೂ ಏನೂ ಇಡದಿದ್ದರೆ ನೀವೂ ಏನೂ ಇಡದೆ ‘ಚೆಕ್’ ಎಂದು ಸರದಿ ದಾಟಿಸಬಹುದು. ಆಮೇಲೆ ನಾಲ್ಕನೆಯ ಎಲೆ, ಟರ್ನ್. ಮತ್ತೊಂದು ಸುತ್ತು. ಕೊನೆಗೆ ಐದನೆಯ ಎಲೆ, ರಿವರ್. ಕೊನೆಯ ಸುತ್ತು. ಅಷ್ಟರಲ್ಲಿ ಇಬ್ಬರೋ ಮೂವರೋ ಉಳಿದಿದ್ದರೆ ಎಲೆ ಬಿಚ್ಚಿ ತೋರಿಸಬೇಕು. ಕೈಯಲ್ಲಿನ ಎರಡು, ನಡುವಿನ ಐದು, ಈ ಏಳರಲ್ಲಿ ಯಾರ ಐದು ಎಲೆ ಶ್ರೇಷ್ಠವೋ ರಾಶಿ ಅವರದು. ಉಳಿದವರೆಲ್ಲ ಎಲೆ ಕೆಳಗಿಟ್ಟು ಒಬ್ಬರೇ ಉಳಿದರೆ, ಅವರು ಏನನ್ನೂ ತೋರಿಸದೆ ರಾಶಿ ತೆಗೆದುಕೊಳ್ಳಬಹುದು. ಈ ಕೊನೆಯ ನಿಯಮವೇ ಪೋಕರಿನ ಜೀವಾಳ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಯಾವುದು ಶ್ರೇಷ್ಠ, ಯಾವುದು ಕನಿಷ್ಠ? 52 ಎಲೆಗಳಿಂದ ಐದೈದು ಎಲೆ ಎತ್ತಿದರೆ ಒಟ್ಟು 25,98,960 ಬಗೆಯಲ್ಲಿ ಎತ್ತಬಹುದು. ಅದರಲ್ಲಿ ಯಾವ ಜೋಡಣೆ ಎಷ್ಟು ಸಲ ಸಿಗುತ್ತದೆ ಎಂದು ಮೇಲಿನಿಂದ ಕೆಳಕ್ಕೆ ಓದುತ್ತೇನೆ. ಇದನ್ನೇ ಅಚ್ಚುಹಾಕಿಸಿ ಮೇಜಿನ ಮೇಲೂ ಇಟ್ಟಿದ್ದೇವೆ.

ಸ್ಟ್ರೇಟ್ ಫ್ಲಶ್ — ಒಂದೇ ಬಣ್ಣದ, ಸಾಲಾಗಿ ಬರುವ ಐದು ಎಲೆ: 40. (ಇದರಲ್ಲಿ ಹತ್ತರಿಂದ ಎಕ್ಕದವರೆಗಿನದು ರಾಯಲ್ ಫ್ಲಶ್: ಬರೀ 4.)
ನಾಲ್ಕು ಒಂದೇ ಅಂಕಿಯವು: 624.
ಫುಲ್ ಹೌಸ್ — ಮೂರು ಒಂದು ಅಂಕಿ, ಎರಡು ಇನ್ನೊಂದು ಅಂಕಿ: 3,744.
ಫ್ಲಶ್ — ಐದೂ ಒಂದೇ ಬಣ್ಣ: 5,108.
ಸ್ಟ್ರೇಟ್ — ಬಣ್ಣ ಬೇರೆಯಾದರೂ ಸಾಲಾಗಿ ಐದು: 10,200.
ಮೂರು ಒಂದೇ ಅಂಕಿಯವು: 54,912.
ಎರಡು ಜೋಡಿ: 1,23,552.
ಒಂದು ಜೋಡಿ: 10,98,240.
ಏನೂ ಇಲ್ಲ, ದೊಡ್ಡ ಎಲೆ ಯಾವುದೋ ಅದೇ ಗತಿ: 13,02,540.

ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿ. ಐದು ಎಲೆ ಎತ್ತಿದರೆ ಅರ್ಧಕ್ಕರ್ಧ ಸಲ ಏನೂ ಇರುವುದಿಲ್ಲ. ನಿಮಗೆ ಒಳ್ಳೆಯ ಎಲೆ ಬರುತ್ತಿಲ್ಲ ಎಂದರೆ ನಿಮ್ಮ ಗ್ರಹಚಾರ ಕೆಟ್ಟಿದೆ ಎಂದಲ್ಲ. ಎಲ್ಲರಿಗೂ ಹಾಗೆಯೇ ಬರುತ್ತದೆ.

ಇಲ್ಲಿ ತೀನ್ ಪತ್ತಿ ಆಡಿದವರಿಗೆ ಒಂದು ಅನುಮಾನ ಬರಬೇಕು. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಚಿಕ್ಕದು. ಪೋಕರಿನಲ್ಲಿ ತಿರುಗುಮುರುಗು. ಯಾಕೆ? ಮೂರು ಎಲೆಯ ಆಟದಲ್ಲಿ ಒಟ್ಟು 22,100 ಬಗೆ. ಅದರಲ್ಲಿ ಸೀಕ್ವೆನ್ಸ್ 720 ಸಲ, ಕಲರ್ 1,096 ಸಲ. ಅಂದರೆ ಅಲ್ಲಿ ಸೀಕ್ವೆನ್ಸ್ ಅಪರೂಪ. ಐದು ಎಲೆಯಾದ ಕೂಡಲೇ ಬಣ್ಣ ಕೂಡುವುದು ಅಪರೂಪವಾಗುತ್ತದೆ. ಯಾರೋ ರಾಜರು ಮನಸ್ಸಿಗೆ ಬಂದ ಹಾಗೆ ಹಾಕಿದ ಕಟ್ಟಳೆ ಅಲ್ಲ ಇದು. ಅಪರೂಪವಾದದ್ದಕ್ಕೆ ಬೆಲೆ ಹೆಚ್ಚು. ಮಾವಿನಹಣ್ಣು ಏಪ್ರಿಲ್‌ನಲ್ಲಿ ಒಂದು ಬೆಲೆ, ಜೂನ್‌ನಲ್ಲಿ ಇನ್ನೊಂದು ಬೆಲೆ ಎನ್ನುವ ಹಾಗೆ.

ನಿಯಮ ಇಷ್ಟೇ. ಹತ್ತು ನಿಮಿಷದಲ್ಲಿ ಕಲಿಯಬಹುದು. ಆದರೆ ಪೋಕರಿನ ನಿಜವಾದ ಮೊದಲ ಪಾಠ ನಿಯಮವಲ್ಲ. ಅದು ಎಲೆ ಕೆಳಗಿಡುವುದು.

ಹೊಸಬರು ಎರಡು ಎಲೆ ಕೈಗೆ ಬಂದ ಕೂಡಲೇ ಏನಾದರೂ ಮಾಡಿ ಆಡಬೇಕೆಂದು ಚಡಪಡಿಸುತ್ತಾರೆ. ಮೊದಲೇ ಜೋಡಿ ಸಿಗುವುದು 17 ಸಲಕ್ಕೆ ಒಮ್ಮೆ ಮಾತ್ರ. ಎಕ್ಕದ ಜೋಡಿಯಂತೂ 221 ಸಲಕ್ಕೆ ಒಮ್ಮೆ. ಇಸ್ಪೀಟಿನ ಏಳು, ಡೈಮನ್ ಎರಡು ಹಿಡಿದುಕೊಂಡು, ‘ನೋಡೋಣ, ಎರಡೇ ಬೀಜ ತಾನೇ’ ಎಂದು ಕೂತರೆ ಆ ಎರಡೆರಡು ಬೀಜಗಳಲ್ಲೇ ಬಟ್ಟಲು ಖಾಲಿಯಾಗುತ್ತದೆ. ಒಂಬತ್ತು ಜನರ ಮೇಜಿನಲ್ಲಿ ಎಚ್ಚರದಿಂದ ಆಡುವವರು ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಸಲ ಮೊದಲ ಸುತ್ತಿನಲ್ಲೇ ಎಲೆ ಕೆಳಗಿಡುತ್ತಾರೆ. ನೋಡುವವರಿಗೆ ಅವರು ಆಡುತ್ತಲೇ ಇಲ್ಲ ಎನಿಸುತ್ತದೆ. ಅವರು ಆಡುತ್ತಿರುವುದೇ ಹಾಗೆ.

ನಮಗೆ ಹೆಂಗಸರಿಗೆ ಈ ಪಾಠ ಸ್ವಲ್ಪ ಕಷ್ಟ. ಹಿಡಿದದ್ದನ್ನು ಬಿಡಬಾರದು, ಹೊಂದಿಕೊಂಡು ಹೋಗಬೇಕು, ಇಷ್ಟು ದಿನ ಮಾಡಿದ್ದು ಹಾಳಾಗಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ತಳ ಹಿಡಿದ ಪಾಯಸಕ್ಕೆ ಇನ್ನಷ್ಟು ತುಪ್ಪ, ಇನ್ನಷ್ಟು ಗೋಡಂಬಿ ಸುರಿದರೆ ಸೀದ ವಾಸನೆ ಹೋಗುವುದಿಲ್ಲ, ತುಪ್ಪ ಗೋಡಂಬಿಯೂ ಹೋಗುತ್ತದೆ. ಈಗಾಗಲೇ ರಾಶಿಗೆ ಹಾಕಿದ ಬೀಜ ನಿಮ್ಮದಲ್ಲ. ಅದು ರಾಶಿಯದು. ಇನ್ನು ಮುಂದೆ ಹಾಕಬೇಕಾದ ಬೀಜ ಮಾತ್ರ ನಿಮ್ಮದು. ಅದಕ್ಕೆ ಬೆಲೆ ಬರುತ್ತದೆಯೇ ಎಂಬುದೊಂದೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಲೆಕ್ಕ ಒಂದು ತೋರಿಸುತ್ತೇನೆ. ನಿಮ್ಮ ಕೈಯಲ್ಲಿ ಆಟೀನಿನ ರಾಜ, ಆಟೀನಿನ ಒಂಬತ್ತು. ನಡುವೆ ಆಟೀನಿನ ಏಳು, ಆಟೀನಿನ ಎರಡು, ಇಸ್ಪೀಟಿನ ಗುಲಾಮ, ಕಳಾವರಿನ ನಾಲ್ಕು. ಇನ್ನೊಂದೇ ಎಲೆ ಬಾಕಿ. ಇನ್ನೊಂದು ಆಟೀನು ಬಂದರೆ ನಿಮ್ಮದು ಫ್ಲಶ್, ಬರದಿದ್ದರೆ ನಿಮ್ಮದು ಏನೂ ಇಲ್ಲ. ಹದಿಮೂರು ಆಟೀನಿನಲ್ಲಿ ನಾಲ್ಕು ಕಂಡಿದ್ದೀರಿ, ಒಂಬತ್ತು ಬಾಕಿ. 52 ಎಲೆಯಲ್ಲಿ ಆರು ಕಂಡಿದ್ದೀರಿ, 46 ಬಾಕಿ. 46ರಲ್ಲಿ ಒಂಬತ್ತು, ಅಂದರೆ ಹೆಚ್ಚುಕಡಿಮೆ ಐದು ಸಲಕ್ಕೆ ಒಮ್ಮೆ ಬರುತ್ತದೆ.

ಎದುರಿನವರು ಹತ್ತು ಬೀಜ ಇಟ್ಟರು. ಅದೂ ಸೇರಿ ರಾಶಿಯಲ್ಲಿ ಈಗ 30 ಬೀಜ. ನೀವು ಮುಂದುವರಿಯಬೇಕಾದರೆ ಹತ್ತು ಇಡಬೇಕು. ಇಡಬೇಕೇ? ಇದೇ ಪರಿಸ್ಥಿತಿ ಐದು ಸಲ ಬಂತು ಎಂದುಕೊಳ್ಳಿ. ನಾಲ್ಕು ಸಲ ಹತ್ತತ್ತು ಹೋಯಿತು, 40. ಒಂದು ಸಲ 30 ಬಂತು. ಒಟ್ಟಿನಲ್ಲಿ ಹತ್ತು ಬೀಜ ನಷ್ಟ. ಹಾಗಾಗಿ ಎಲೆ ಕೆಳಗಿಡಿ. ಅದೇ ರಾಶಿಯಲ್ಲಿ 60 ಬೀಜ ಇದ್ದಿದ್ದರೆ? 40 ಹೋಗಿ 60 ಬಂತು, 20 ಲಾಭ. ಆಗ ಇಡಿ. ಎಲೆ ಅದೇ, ಎದುರಿನವರು ಅವರೇ, ನಿಮ್ಮ ಆಸೆಯೂ ಅಷ್ಟೇ. ಬದಲಾದದ್ದು ಬೆಲೆ. ದಾದರಿನ ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟನ್ನು ಕೈಯಲ್ಲಿ ತೂಗಿ, ಬೆಲೆ ಕೇಳಿ, ಬೇಡವೆಂದು ಇಟ್ಟು ಮುಂದೆ ಹೋಗುತ್ತೀರಲ್ಲ, ಅದೇ ಲೆಕ್ಕ. ಕೊತ್ತಂಬರಿಯನ್ನು ಅಲ್ಲೇ ಇಟ್ಟು ಬಂದದ್ದಕ್ಕೆ ಯಾರೂ ಸೋತೆ ಎಂದು ಅಳುವುದಿಲ್ಲ.

ಇನ್ನು ಬ್ಲಫ್. ಕೈಯಲ್ಲಿ ಏನೂ ಇಲ್ಲದಿದ್ದರೂ ಇದ್ದ ಹಾಗೆ ಬೆಲೆ ಏರಿಸಿ ಎದುರಿನವರು ಎಲೆ ಕೆಳಗಿಡುವಂತೆ ಮಾಡುವುದು. ಒಬ್ಬರೇ ಉಳಿದರೆ ತೋರಿಸಬೇಕಾಗಿಲ್ಲ ಎಂದೆನಲ್ಲ, ಅದಕ್ಕೇ ಇದು ಸಾಧ್ಯ. ಇದು ಬರೀ ಸುಳ್ಳುಗಾರಿಕೆ ಎಂದುಕೊಳ್ಳಬೇಡಿ. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವರು ಗೇಮ್ ಥಿಯರಿ ಎಂಬ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯರು. ಅವರು ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪೋಕರಿನ ಬ್ಲಫ್ ಮೇಲೆಯೇ ಗಣಿತದ ವಿಶ್ಲೇಷಣೆ ಇದೆ. ಒಳ್ಳೆಯ ಎಲೆ ಇದ್ದಾಗ ಮಾತ್ರ ಬೆಲೆ ಏರಿಸುವವರ ಮನಸ್ಸನ್ನು ಎಲ್ಲರೂ ಓದಿಬಿಡುತ್ತಾರೆ. ಹಾಗಾಗಿ ಅಲ್ಲೊಮ್ಮೆ ಇಲ್ಲೊಮ್ಮೆ ಬ್ಲಫ್ ಬೇಕು. ಯಾವಾಗಲೂ ಮಾಡಿದರೆ ಯಾರೂ ನಂಬುವುದಿಲ್ಲ. ಹೊಸಬರಿಗೆ ನನ್ನ ಸಲಹೆ, ಇವತ್ತು ಬ್ಲಫ್ ಮಾಡುವುದಕ್ಕಿಂತ ಬೇರೆಯವರ ಬ್ಲಫ್ ಗಮನಿಸಿ. ಮೊದಲ ಸುತ್ತಿನಿಂದ ಅವರು ಹೇಳುತ್ತಾ ಬಂದ ಕಥೆ ಕೊನೆಯವರೆಗೂ ಕೂಡಿಕೊಳ್ಳುತ್ತದೆಯೇ ನೋಡಿ. ಇನ್ನೊಂದು ವಿಷಯ: ಸರದಿಯಲ್ಲಿ ಕೊನೆಗೆ ಬರುವವರಿಗೆ ಅನುಕೂಲ ಹೆಚ್ಚು, ಯಾಕೆಂದರೆ ಉಳಿದವರು ಏನು ಮಾಡಿದರು ಎಂದು ತಿಳಿದ ಮೇಲೆ ಅವರು ನಿರ್ಧರಿಸುತ್ತಾರೆ.

ಹೆಂಗಸರಿಗೆ ಈ ಆಟ ಒಗ್ಗುವುದೇ ಎಂದು ಕೇಳುವವರಿಗೆ ಕೆಲವು ಹೆಸರುಗಳು. ಬಾರ್ಬರಾ ಎನ್‌ರೈಟ್ 1995ರಲ್ಲಿ ವರ್ಲ್ಡ್ ಸೀರೀಸ್ ಮುಖ್ಯ ಸ್ಪರ್ಧೆಯ ಕೊನೆಯ ಮೇಜಿಗೆ ತಲುಪಿದ ಮೊದಲ ಮಹಿಳೆ, ಐದನೆಯ ಸ್ಥಾನ ಪಡೆದರು. ನಮ್ಮ ದೇಶದ ನಿಕಿತಾ ಲೂಥರ್ 2018ರಲ್ಲಿ ಅಲ್ಲಿನ ಒಂದು ಜೋಡಿ ಸ್ಪರ್ಧೆ ಗೆದ್ದು, ಗೆದ್ದವರಿಗೆ ಕೊಡುವ ಬ್ರೇಸ್‌ಲೆಟ್ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಮಾರಿಯಾ ಕೊನ್ನಿಕೋವಾ ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಲೇಖಕಿ. ಒಂದು ಕಟ್ಟಿನಲ್ಲಿ ಎಷ್ಟು ಎಲೆ ಎಂಬುದೂ ಗೊತ್ತಿಲ್ಲದೆ ಕಲಿಯಲು ಹೊರಟು, ಆ ಅನುಭವವನ್ನು 2020ರಲ್ಲಿ ‘ದಿ ಬಿಗ್ಗೆಸ್ಟ್ ಬ್ಲಫ್’ ಎಂಬ ಪುಸ್ತಕವಾಗಿಸಿದರು. ಜೀವನದಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು, ಅದೃಷ್ಟದ್ದು ಎಷ್ಟು ಎಂದು ತಿಳಿಯಲು ಅವರು ಪೋಕರ್ ಹಿಡಿದದ್ದು.

ಆನಿ ಡ್ಯೂಕ್ ಎಂಬ ಇನ್ನೊಬ್ಬ ಆಟಗಾರ್ತಿ ಈಗ ಮೇಜು ಬಿಟ್ಟು, ನಿರ್ಧಾರ ಮಾಡುವ ಬಗೆಯ ಮೇಲೆ ಪುಸ್ತಕ ಬರೆಯುತ್ತಾರೆ. ಅವರು ಒತ್ತಿ ಹೇಳುವ ಒಂದು ಮಾತಿನ ಸಾರ ಹೀಗಿದೆ: ಫಲ ಚೆನ್ನಾಗಿ ಬಂದರೆ ನಿರ್ಧಾರ ಚೆನ್ನಾಗಿತ್ತು ಎಂದಲ್ಲ, ಫಲ ಕೆಟ್ಟರೆ ನಿರ್ಧಾರ ಕೆಟ್ಟದ್ದಾಗಿತ್ತು ಎಂದೂ ಅಲ್ಲ. ಹೆಲ್ಮೆಟ್ ಇಲ್ಲದೆ ಮಗ ಕ್ಷೇಮವಾಗಿ ಮನೆಗೆ ಬಂದರೆ ಅದು ಜಾಣತನವಲ್ಲ, ಅದೃಷ್ಟ. ಚೆನ್ನಾಗಿ ವಿಚಾರಿಸಿ ಮಾಡಿದ ಸಂಬಂಧ ಮುರಿದರೆ ತಾಯಿಯ ತಪ್ಪಲ್ಲ. ನಮ್ಮ ಮನೆಗಳಲ್ಲಿ ಏನೇ ಕೆಟ್ಟರೂ ‘ನೀನು ಅವತ್ತು ಹಾಗೆ ಹೇಳಿದ್ದಕ್ಕೇ’ ಎಂದು ಹೆಂಗಸಿನ ಕಡೆ ಬೆರಳು ಬರುತ್ತದೆ. ಅವತ್ತು ಕಣ್ಣಿಗೆ ಕಂಡ ಎಲೆಗಳು ಇಷ್ಟೇ, ಅದಕ್ಕೆ ಸರಿಯಾದ ಲೆಕ್ಕ ಇದೇ ಆಗಿತ್ತು ಎಂದು ಹೇಳಿಕೊಳ್ಳುವ ನೆಮ್ಮದಿ ಈ ಆಟದಿಂದ ಕಲಿಯಬಹುದು.

ಜೂಜು ಎಂದ ಕೂಡಲೇ ನಾವು ಧರ್ಮರಾಯನನ್ನು ನೆನೆಯುತ್ತೇವೆ. ನನಗೆ ನಳ ದಮಯಂತಿಯ ಕಥೆ ಹೆಚ್ಚು ನೆನಪಾಗುತ್ತದೆ. ನಮ್ಮ ಕನಕದಾಸರೂ ನಳಚರಿತ್ರೆ ಬರೆದರು. ಮಹಾಭಾರತದ ವನಪರ್ವದಲ್ಲಿ ಬರುವ ಕಥೆಯಲ್ಲಿ ನಳ ಪುಷ್ಕರನ ಜೊತೆ ತಿಂಗಳುಗಟ್ಟಲೆ ಪಗಡೆಯಾಡುತ್ತಾನೆ. ಮಂತ್ರಿಗಳು ಬಂದು ಬಾಗಿಲಲ್ಲಿ ನಿಂತರೂ, ದಮಯಂತಿ ಹೇಳಿದರೂ ಕಿವಿಗೆ ಹೋಗುವುದಿಲ್ಲ. ಆಗ ದಮಯಂತಿ ಏನು ಮಾಡುತ್ತಾಳೆ? ಅಳುತ್ತಾ ಕೂರುವುದಿಲ್ಲ. ಸಾರಥಿ ವಾರ್ಷ್ಣೇಯನನ್ನು ಕರೆಸಿ ಇಬ್ಬರು ಮಕ್ಕಳನ್ನೂ ವಿದರ್ಭಕ್ಕೆ, ತವರಿಗೆ ಕಳಿಸಿಬಿಡುತ್ತಾಳೆ. ಆಟ ಇನ್ನೂ ಮುಗಿದಿರಲಿಲ್ಲ. ಎಲ್ಲಿಗೆ ಮುಟ್ಟುತ್ತದೆ ಎಂದು ಅವಳು ಎಣಿಸಿಬಿಟ್ಟಿದ್ದಳು.

ಇನ್ನು ನಳ. ಎಲ್ಲ ಕಳೆದುಕೊಂಡು, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಋತುಪರ್ಣ ಒಂದು ತಾರೆಮರವನ್ನು ನೋಡಿ, ಅದರ ಎಲೆ ಎಷ್ಟು, ಕಾಯಿ ಎಷ್ಟು ಎಂದು ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ, ಮರ ಕಡಿದು, ಎಣಿಸಿಯೇ ನೋಡುತ್ತಾನೆ. ಲೆಕ್ಕ ಸರಿ. ಹಿಂದಿನ ಕಾಲದಲ್ಲಿ ಆ ತಾರೆಕಾಯಿಯನ್ನೇ ಜೂಜಿನ ದಾಳವಾಗಿ ಬಳಸುತ್ತಿದ್ದರು. ಋತುಪರ್ಣ ಅವನಿಗೆ ಆ ವಿದ್ಯೆಯನ್ನು ಕಲಿಸುತ್ತಾನೆ. ಅದರ ಹೆಸರು ಅಕ್ಷಹೃದಯ. ಅದು ತಿಳಿದ ಕ್ಷಣವೇ ನಳನ ಮೈಯೊಳಗಿದ್ದ ಕಲಿ ಹೊರಗೆ ಬರುತ್ತಾನೆ. ಗಮನಿಸಿ, ಕಲಿ ಬಿಟ್ಟದ್ದು ಶಪಥದಿಂದಲ್ಲ, ಉಪದೇಶದಿಂದಲ್ಲ. ಎಣಿಸಲು ಕಲಿತದ್ದರಿಂದ. ನಾವು ಇವತ್ತು ಮಾಡುತ್ತಿರುವುದೂ ಅಷ್ಟೇ.

ಈ ಎಣಿಕೆಯನ್ನು ಈಗ ದುಡ್ಡಿನ ಮೇಜಿಗೆ ಹಾಕಿ ನೋಡೋಣ. ಪೋಕರ್ ಕೌಶಲದ ಆಟ ಎನ್ನುತ್ತಾರೆ. ಕೌಶಲ ಇದೆ, ಇಷ್ಟು ಹೊತ್ತು ಹೇಳಿದ್ದು ಅದನ್ನೇ. ಆದರೆ ನಾವು ನಾವೇ ಆಡುವಾಗ ನನ್ನ ಬೀಜ ನಿಮಗೆ, ನಿಮ್ಮ ಬೀಜ ನನಗೆ. ಮೇಜಿನ ಮೇಲಿನ ಬೀಜ ಕಡಿಮೆಯಾಗುವುದಿಲ್ಲ. ದುಡ್ಡಿನ ಮೇಜಿಗೆ ಒಬ್ಬ ಒಡೆಯ ಇರುತ್ತಾನೆ. ಪ್ರತಿ ರಾಶಿಯಿಂದಲೂ ಅವನಿಗೊಂದು ಪಾಲು. ಅದಕ್ಕೆ ರೇಕ್ ಎನ್ನುತ್ತಾರೆ.

ಉದಾಹರಣೆಗೆ, ಆರು ಜನ ತಲಾ 1,000 ರೂಪಾಯಿ ಇಟ್ಟು ಕೂತರು, ಒಟ್ಟು 6,000. ಪ್ರತಿ ರಾಶಿ ಸರಾಸರಿ 200 ರೂಪಾಯಿ, ಒಡೆಯನ ಪಾಲು ನೂರಕ್ಕೆ ಐದು ಎಂದುಕೊಳ್ಳಿ. ಪ್ರತಿ ಆಟಕ್ಕೆ ಹತ್ತು ರೂಪಾಯಿ. ಹತ್ತು ರೂಪಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ. ನೂರು ಆಟವಾದಾಗ 1,000 ರೂಪಾಯಿ ಮೇಜಿನಿಂದ ಮಾಯ. ಆರು ಜನರೂ ಸಮಾನ ಜಾಣರಾಗಿದ್ದರೆ ಆರು ಜನರೂ ಸೋತಿರುತ್ತಾರೆ. ಫೋನಿನಲ್ಲಿ ಎಲೆ ಕಲಸುವ, ಹಂಚುವ ಶ್ರಮವಿಲ್ಲ, ನೂರು ಆಟಕ್ಕೆ ಒಂದೆರಡು ಗಂಟೆ ಸಾಕು. ಸ್ವಲ್ಪ ಜಾಣರಾಗಿದ್ದರೆ ಸಾಲದು. ಉಳಿದ ಐವರನ್ನೂ ಗೆದ್ದು, ಒಡೆಯನ ಪಾಲನ್ನೂ ತುಂಬುವಷ್ಟು ಜಾಣರಿರಬೇಕು.

ನಿವೃತ್ತಿಗೆ ಸ್ವಲ್ಪ ಮೊದಲು, ಒಬ್ಬ ತಾಯಿ ಪಾಸ್‌ಬುಕ್ ಹಿಡಿದುಕೊಂಡು ನನ್ನ ಕೌಂಟರಿಗೆ ಬಂದಿದ್ದರು. ಒಂದೇ ದಿನಾಂಕದಲ್ಲಿ ಹದಿನಾಲ್ಕು ನಮೂದು. ಇನ್ನೂರು, ಐನೂರು, ಐನೂರು, ಸಾವಿರ. ‘ಮೇಡಂ, ಇದು ಯಾವ ಅಂಗಡಿ? ಇಷ್ಟು ಸಲ ಏನು ತಗೊಂಡಿದ್ದಾನೆ ಇವನು?’ ಎಂದು ಕೇಳಿದರು. ಮಗನನ್ನು ಕೇಳಿದ್ದಕ್ಕೆ ‘ಸ್ಕಿಲ್ ಗೇಮ್ ಅಮ್ಮಾ, ನಿನಗೆ ಗೊತ್ತಾಗಲ್ಲ’ ಎಂದನಂತೆ. ಆ ಮಾತಿನ ಮುಂದೆ ಅವರ ಬಾಯಿ ಕಟ್ಟಿಹೋಗಿತ್ತು. ‘ನಿನಗೆ ಗೊತ್ತಾಗಲ್ಲ’ ಎಂಬ ಮಾತು ಇದೆಯಲ್ಲ, ಎಷ್ಟೋ ಮನೆಗಳ ದುಡ್ಡು ಹರಿದುಹೋಗುವ ತೂತು ಅದೇ. ಅದನ್ನು ಮುಚ್ಚಲೆಂದೇ ನಾನು ಈ ವಿಷಯ ಆರಿಸಿಕೊಂಡದ್ದು. ಗೊತ್ತಿರುವ ತಾಯಿ ಕೇಳುವ ಪ್ರಶ್ನೆಗಳೇ ಬೇರೆ. ಈ ತಿಂಗಳು ಒಟ್ಟು ಎಷ್ಟು ಹಾಕಿದೆ, ಎಷ್ಟು ವಾಪಸ್ ಬಂತು? ಪ್ರತಿ ಆಟಕ್ಕೆ ಒಡೆಯನ ಪಾಲು ಎಷ್ಟು? ಸೋತ ಮೇಲೆ ಇನ್ನೂ ದೊಡ್ಡ ಮೊತ್ತ ಹಾಕಿದ್ದೀಯಾ? ಈ ಮೂರನೆಯ ಪ್ರಶ್ನೆ ಮುಖ್ಯ. ಸೋತದ್ದನ್ನು ಗೆದ್ದೇ ಏಳುತ್ತೇನೆ ಎಂದು ಲೆಕ್ಕ ತಪ್ಪುವ ಸ್ಥಿತಿಗೆ ಪೋಕರ್ ಆಡುವವರೇ ‘ಟಿಲ್ಟ್’ ಎಂದು ಹೆಸರಿಟ್ಟಿದ್ದಾರೆ. ಆ ಸ್ಥಿತಿಯಲ್ಲಿ ಎಂಥ ನಿಪುಣನೂ ಮೇಜು ಬಿಟ್ಟು ಏಳಬೇಕು.

ಕಾನೂನಿನ ಮಾತು ಎರಡೇ ಸಾಲಿನಲ್ಲಿ ಮುಗಿಯುವುದಿಲ್ಲ, ಆದರೂ ಇಷ್ಟು ತಿಳಿದಿರಲಿ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಕರ್ನಾಟಕ ಸರ್ಕಾರ 2021ರಲ್ಲಿ ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿದಾಗ, ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗ್ಗೆ ಹೊಸ ಕಾಯ್ದೆ ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಈ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಭೇದ ನೋಡುವುದಿಲ್ಲ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟವನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, 50 ಲಕ್ಷದವರೆಗೆ. ಆಡಿದವರನ್ನು ಅಪರಾಧಿಗಳೆಂದು ಈ ಕಾಯ್ದೆ ನೋಡುವುದಿಲ್ಲ.

ಈ ಕೊನೆಯ ಮಾತನ್ನು ಮನೆಗೆ ಒಯ್ಯಿರಿ. ದುಡ್ಡು ಕಳೆದುಕೊಂಡ ಮಗನೋ, ಗಂಡನೋ, ಸೊಸೆಯೋ ಬಾಯಿ ಬಿಟ್ಟು ಹೇಳಲು ಹೆದರಬಾರದು. ಮೊದಲು ಕೂರಿಸಿ ಊಟ ಹಾಕಿ, ಆಮೇಲೆ ಲೆಕ್ಕ ಕೇಳಿ. ಬಯ್ಯುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೋಸದ ಲಿಂಕಿನಿಂದ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಬಿಡಲಾಗದ ಚಟವಾಗಿದ್ದರೆ, ಮನಸ್ಸು ಕುಸಿದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಈ ಎರಡು ಸಂಖ್ಯೆಗಳನ್ನು ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ, ನಾನು ಕಾಯುತ್ತೇನೆ.

ಆಯಿತೇ? ಇನ್ನು ಮೇಜಿಗೆ ಬನ್ನಿ. ಒಬ್ಬೊಬ್ಬರಿಗೆ ನಲವತ್ತು ಬೀಜ. ಒಂದು ಕಾಗದ, ಪೆನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎಷ್ಟು ಗೆದ್ದಿರಿ ಎಂದು ಬರೆಯಬೇಡಿ. ಎಷ್ಟು ಸಲ ಎಲೆ ಕೆಳಗಿಟ್ಟಿರಿ, ಯಾಕೆ ಇಟ್ಟಿರಿ ಎಂದು ಬರೆಯಿರಿ. ಆಟ ಮುಗಿದ ಮೇಲೆ ಬೀಜ ಹೆಚ್ಚು ಕೂಡಿಸಿದವರಿಗೆ ಚಪ್ಪಾಳೆ, ಸರಿಯಾದ ಕಾರಣಕ್ಕೆ ಹೆಚ್ಚು ಸಲ ಎಲೆ ಕೆಳಗಿಟ್ಟವರಿಗೆ ಬಹುಮಾನ. ಬಹುಮಾನ ಏನು ಎಂದು ಈಗಲೇ ಹೇಳುವುದಿಲ್ಲ. ಅದಿಷ್ಟು ಬ್ಲಫ್ ನನಗಿರಲಿ.

ಮುಂದಿನ ವಾರ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇದೇ ಆಟ ನೀವೇ ಕಲಿಸಿ. ಅವರಿಗೆ ಗೊತ್ತಿದ್ದರೆ ಇನ್ನೂ ಒಳ್ಳೆಯದು, ನಡುವಿನ ರಾಶಿಯ ಬೆಲೆ ಎಷ್ಟು, ಎಲೆ ಬರುವ ಸಾಧ್ಯತೆ ಎಷ್ಟು ಎಂದು ಕೇಳಿ. ಉತ್ತರ ತಪ್ಪಿದರೆ ನೀವು ತಿದ್ದಿ. ಅಮ್ಮನಿಗೆ ಗೊತ್ತಾಗಲ್ಲ ಎನ್ನುವ ಮಾತು ಆ ಮನೆಯಲ್ಲಿ ಮತ್ತೆ ಕೇಳಿಬರುವುದಿಲ್ಲ.